ಹದಿನೇಳನೇ ಪೋರ್ಟು

ಕಮಾಂಡರ್ ಒಂದು ಸಲ ಕುರ್ಚಿಯಿಂದ ಏಳದೆ, ಎಡಗೈಯಲ್ಲಿದ್ದ ಚಹಾದ ಲೋಟ ಕೆಳಗಿಡದೆ, ಬಲಗೈಯ ಒಂದೇ ಬೆರಳಿನಿಂದ ಭೂಮಿ ತಿರುಗುವುದನ್ನು ನಿಲ್ಲಿಸಿದ್ದ. ನಿಲ್ಲಿಸಿ, ಒಳಗಿನ ತಂತಿಗಳನ್ನೆಲ್ಲ ಒಮ್ಮೆ ನೋಡಿ, ಧೂಳು ಕೊಡವಿ, ಮತ್ತೆ ತಿರುಗಲು ಬಿಟ್ಟಿದ್ದ. ಆ ಹೊತ್ತಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದ ಕೆಲವರಿಗೆ ತಲೆ ಸುತ್ತಿದಂತಾಯಿತೇ ಹೊರತು ಬೇರೆ ಯಾರಿಗೂ ಗೊತ್ತಾಗಲಿಲ್ಲ. ನಂಬದವರು ಅವನನ್ನೇ ಕೇಳಬಹುದಿತ್ತು. ಅವನು ಇಲ್ಲವೆನ್ನುತ್ತಿರಲಿಲ್ಲ.

ಅವನಿಗೆ ಕಮಾಂಡರ್ ಎಂಬ ಹೆಸರು ಬಂದದ್ದು ಯುದ್ಧ ಮಾಡಿದ್ದಕ್ಕಲ್ಲ. ಗಣಿಯ ಕಂಟ್ರೋಲ್ ರೂಮಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ಅವನ ಕೆಲಸ. ನೆಲದಡಿಯ ಫೋನು, ಗಾಳಿ ಅಳೆಯುವ ಮೀಟರು, ಕ್ಯಾಮೆರಾ ಎಲ್ಲದರ ತಂತಿಗಳೂ ಅಲ್ಲಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಗಳಿಗೆ ಬಂದು ಸೇರುತ್ತವೆ. ಆ ಪೆಟ್ಟಿಗೆಯೊಳಗೆ ಇರುವುದೇ ಸ್ವಿಚ್ಚು. ದೀಪ ಹಚ್ಚಿ ಆರಿಸುವ ಸ್ವಿಚ್ಚಲ್ಲ. ಯಾವ ತಂತಿಯ ಮಾತು ಯಾವ ತಂತಿಗೆ ಹೋಗಬೇಕೆಂದು ತೀರ್ಮಾನಿಸುವ ಯಂತ್ರ. ಅದರ ಮುಖದ ತುಂಬ ಸಾಲು ತೂತುಗಳು. ಒಂದೊಂದು ತೂತಿಗೂ ಪೋರ್ಟು ಅಂತ ಹೆಸರು, ಒಂದೊಂದಕ್ಕೂ ನಂಬರು. ಅದರ ಜೊತೆ ಮಾತಾಡಲು ಬಣ್ಣದ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಒಂದು ಕಪ್ಪು ಪರದೆ, ಅದರ ಮೇಲೆ ಮಿನುಗುವ ಒಂದು ಗೆರೆ. ಕಮಾಂಡು ಟೈಪ್ ಮಾಡಿ ಎಂಟರ್ ಒತ್ತಿದರೆ ಒಪ್ಪಿಕೊಳ್ಳುತ್ತದೆ. ಒಂದಕ್ಷರ ತಪ್ಪಿದರೂ ಮೂತಿ ತಿರುಗಿಸುತ್ತದೆ.

ಉಳಿದವರಿಗೆ ಆ ಪರದೆ ನೋಡಿದರೇ ಕಣ್ಣು ಕತ್ತಲೆ ಬರುತ್ತಿತ್ತು. ಕಮಾಂಡರನಿಗೆ ಮಾತ್ರ ಅದು ತಾಯಿಯ ಹೊಟ್ಟೆಯಿಂದಲೇ ಬಂದ ಭಾಷೆ. ತೊಟ್ಟಿಲಲ್ಲಿ ಅವನು ಅಳುತ್ತಲೇ ಇರಲಿಲ್ಲವಂತೆ, ಕಮಾಂಡು ಹೊಡೆಯುತ್ತಿದ್ದನಂತೆ. ಹಾಲು ಬರುವುದು ತಡವಾದರೆ ಅದನ್ನೇ ಇನ್ನೊಮ್ಮೆ ಹೊಡೆಯುತ್ತಿದ್ದನಂತೆ. ನೆಲದಡಿಯ ಸ್ವಿಚ್ಚುಗಳು ಅವನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ದೀಪಗಳನ್ನು ಒರೆಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು.

ಪಕ್ಕದ ಮೇಜಿನಲ್ಲಿ ಫೋನ್ ಬೋರ್ಡು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಬೋರ್ಡಕ್ಕ ಎನ್ನುತ್ತಿದ್ದರು. ಇಂಥ ಮಾತುಗಳನ್ನು ದಿನವೂ ಕೇಳಬೇಕಾದ ಕರ್ಮ ಅವಳದ್ದು.

"ಕಮಾಂಡರೇ, ನಿಮ್ಮ ಬಾಯಿಗೆ ಹೊಡೆಯೋಕೆ ಒಂದು ಶಟ್‌ಡೌನ್ ಕಮಾಂಡ್ ಇಲ್ವಾ?"

"ಇದೆ ಬೋರ್ಡಕ್ಕ. ಅದರ ಪಾಸ್‌ವರ್ಡು ನನ್ನ ಹೆಂಡತಿ ಹತ್ರ ಇದೆ."

"ಪಾಪ, ಅವಳೂ ಮರೆತುಬಿಟ್ಟಿರಬೇಕು."

ಅವನ ಮಾತನ್ನು ಪೂರ್ತಿ ನಂಬುವ ಜೀವ ಭೂಮಿಯ ಮೇಲೆ ಒಂದೇ ಒಂದಿತ್ತು. ಅದೂ ಹಗಲೆಲ್ಲ ಭೂಮಿಯ ಕೆಳಗೇ ಇರುತ್ತಿತ್ತು. ಹೆಂಡತಿಯ ತಮ್ಮ, ಗಣಿಯ ತಳಮಟ್ಟದ ಪಂಪ್ ರೂಮಿನಲ್ಲಿ ಕೆಲಸ. ನೆಲದಡಿ ನೀರು ಜಿನುಗುವುದು ನಿಲ್ಲುವುದಿಲ್ಲ. ಪಂಪು ಅದನ್ನು ಎತ್ತಿ ಮೇಲೆ ಹಾಕುತ್ತಲೇ ಇರಬೇಕು. ಪಂಪಿನವರಿಗೆ ಒಂದೇ ಒಂದು ಕಟ್ಟುನಿಟ್ಟು: ಏನೇ ಆಗಲಿ, ಕಂಟ್ರೋಲ್ ರೂಮಿನಿಂದ ಫೋನ್ ಬಂದು "ಹೊರಡು" ಅನ್ನುವವರೆಗೆ ಪಂಪು ಬಿಟ್ಟು ಕದಲುವಂತಿಲ್ಲ. ಒಬ್ಬ ಹೆದರಿ ಓಡಿದರೆ ಇಡೀ ಮಟ್ಟವೇ ಮುಳುಗಿ, ಇನ್ನೊಂದು ಮೂಲೆಯಲ್ಲಿರುವವರು ಸಾಯುತ್ತಾರೆ.

ಸಂಜೆ ಊಟಕ್ಕೆ ಕೂತಾಗ ಭಾವಮೈದ ಕೇಳುತ್ತಿದ್ದ.

"ಭಾವ, ನೀವು ಮೇಲೆ ಕೂತೇ ನಮ್ಮ ಕೆಳಗಿನ ಪೆಟ್ಟಿಗೆ ನೋಡ್ತೀರಾ?"

"ನೋಡೋದೇನು ಬಂತು! ನೀನು ಪಂಪಿನ ಹತ್ರ ತೂಕಡಿಸಿದರೆ ಆ ತಂತೀಲಿ ನನಗೆ ಗೊರಕೆ ಕೇಳುತ್ತೆ."

"ನಿಮ್ಮ ಗೊರಕೇನೇ ತಿರುಗಿ ಬಂದಿರುತ್ತೆ ಬಿಡಿ," ಎನ್ನುತ್ತಿದ್ದಳು ಹೆಂಡತಿ, ಅನ್ನ ಬಡಿಸುತ್ತ.

ಅತ್ತೆ ಏನೂ ಅನ್ನುತ್ತಿರಲಿಲ್ಲ. ಮಗ ನಗುವುದನ್ನು ನೋಡಿ ತಾವೂ ನಗುತ್ತಿದ್ದರು. ಅಳಿಯನ ಮಾತು ಸುಳ್ಳೆಂದು ಅವರಿಗೆ ಗೊತ್ತಿತ್ತು. ಆದರೆ ದಿನವೆಲ್ಲ ಕತ್ತಲಲ್ಲಿ ನೀರಿನ ಪಕ್ಕ ಕೂರುವ ಮಗ ಸಂಜೆ ನಗುತ್ತಾನಲ್ಲ, ಅಷ್ಟು ಸಾಕಾಗಿತ್ತು.

ಒಂದು ಬೆಳಗ್ಗೆ, ಚಹಾ ಬಂದು ಇನ್ನೂ ಆರಿರಲಿಲ್ಲ, ಕಂಟ್ರೋಲ್ ರೂಮಿನ ನೆಲ ಗಂಟಲು ಸರಿಮಾಡಿಕೊಂಡಂತೆ ಒಮ್ಮೆ ನಡುಗಿತು. ಕರೆಂಟು ಹೋಯಿತು. ನಡುಮಟ್ಟದಲ್ಲಿ ಚಾವಣಿ ಕುಸಿದಿತ್ತು. ಕಮಾಂಡರನ ಲೆಕ್ಕದಲ್ಲಿ ಬಿದ್ದ ಬಂಡೆ ಒಂದು ಗುಡ್ಡದಷ್ಟಿತ್ತು. ಆ ಸದ್ದಿಗೆ ಮೂರು ಊರಾಚೆಯ ಕಿಟಕಿ ಗಾಜುಗಳು ಪುಡಿಯಾಗಿದ್ದವು. ಅಷ್ಟೆಲ್ಲ ಇರಲಿಲ್ಲ. ಒಂದು ಮನೆಯಷ್ಟಿತ್ತು. ಅಷ್ಟೇ ಸಾಕಾಗಿತ್ತು.

ಜನರೇಟರು ಗುಡುಗಿ ಶುರುವಾದ ಮೇಲೆ ಕಂಟ್ರೋಲ್ ರೂಮಿಗೂ ಒಳಗಿನ ಪೆಟ್ಟಿಗೆಗಳಿಗೂ ಜೀವ ಬಂತು. ಪಂಪುಗಳಿಗೆ ಹೋಗುವ ದಪ್ಪ ಕೇಬಲ್ಲು ಮಾತ್ರ ಬಂಡೆಯಡಿ ಸಿಕ್ಕಿ ಸತ್ತುಹೋಗಿತ್ತು. ಮೇಲಿನ ಎರಡು ಮಟ್ಟದವರು ಮುಖ ಒರೆಸಿಕೊಳ್ಳುತ್ತ ಒಬ್ಬೊಬ್ಬರಾಗಿ ನಡೆದು ಹೊರಗೆ ಬಂದರು. ಒಬ್ಬರಿಗೂ ಗೀರು ಬಿದ್ದಿರಲಿಲ್ಲ. ಬಾರದೆ ಉಳಿದವರು ತಳಮಟ್ಟದ ಇಬ್ಬರು: ಭಾವಮೈದ, ಮತ್ತೆ ಅವನ ಜೊತೆಯ ಹಳೇ ಪಂಪಿನವನು. ಕೈಯ ಗ್ರೀಸು ಊಟದ ಹೊತ್ತಿಗೂ ಹೋಗದ ಅವನನ್ನು ಗ್ರೀಸಣ್ಣ ಅಂತ ಕರೆಯುತ್ತಿದ್ದರು. ಪಂಪು ನಿಂತಿದೆ ಅಂದ ಮೇಲೆ ಅಲ್ಲಿ ನೀರು ಏರುತ್ತಿದೆ ಅಂತಲೇ ಅರ್ಥ.

ರಕ್ಷಣಾ ತಂಡದ ಮುಖ್ಯಸ್ಥ ಕೆಂಪು ಹೆಲ್ಮೆಟ್ಟಿನವನು. ಒಳಗೆ ಬಂದವನೇ ಗೋಡೆಯ ನಕ್ಷೆಯ ಮುಂದೆ ನಿಂತ.

"ತಳಕ್ಕೆ ಎರಡೇ ದಾರಿ. ದೊಡ್ಡ ದಾರಿ ಬಂಡೆ ಬಿದ್ದು ಮುಚ್ಚಿದೆ. ಇನ್ನೊಂದು ಏಣಿದಾರಿ. ಪಂಪ್ ರೂಮಿಗೆ ಫೋನ್ ಮಾಡಿ. ಏಣಿ ಹತ್ತಿ ಬರೋಕೆ ಹೇಳಿ."

ಬೋರ್ಡಕ್ಕ ಆಗಲೇ ಒತ್ತುತ್ತಿದ್ದಳು. "ಎಲ್ಲಾ ಫೋನೂ ಬಂತು. ಪಂಪ್ ರೂಮಿಂದು ಮಾತ್ರ ಸದ್ದೇ ಇಲ್ಲ."

ಎಲ್ಲರೂ ಕಮಾಂಡರನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ಅವನ ಕಡೆ ತಿರುಗುವುದು ಅಪರೂಪ. ಅವನು ಕೀಬೋರ್ಡಿನ ಕಡೆ ನೋಡಲೂ ಇಲ್ಲ.

"ತಂತಿ ಹೋಗಿದೆ," ಅಂದ. "ಬಂಡೆ ಕತ್ತರಿಸಿಬಿಟ್ಟಿದೆ."

"ಖಂಡಿತಾನಾ?"

"ಸಾರ್, ಅದು ನಾನು ಎಳೆಸಿದ ಲೈನು. ಬೆಟ್ಟ ಬೀಳದೆ ಅದು ಸಾಯುತ್ತಾ?"

ಕೆಂಪು ಹೆಲ್ಮೆಟ್ಟಿನವನು ನಕ್ಷೆಯ ಮೇಲೆ ಬೆರಳಿಟ್ಟ. ಫೋನಿನ ತಂತಿ ಏಣಿದಾರಿಯ ಗೋಡೆಗೇ ಅಂಟಿಕೊಂಡು ಕೆಳಗಿಳಿಯುತ್ತಿತ್ತು.

"ತಂತಿ ಹೋಗಿದೆ ಅಂದ್ರೆ ಏಣಿದಾರಿನೂ ಹೋಗಿದೆ. ಆ ಬಾವಿಗೆ ನನ್ನವರನ್ನ ಇಳಿಸಿ ಸಾಯಿಸಲ್ಲ. ದೊಡ್ಡ ದಾರೀಲೇ ಬಂಡೆ ತೆಗೀರಿ. ಎಲ್ಲರೂ ಅಲ್ಲಿಗೇ."

ಎಲ್ಲರೂ ಅಲ್ಲಿಗೇ ಹೋದರು.

ಸುದ್ದಿ ತಿಳಿದು ಹೆಂಡತಿಯೂ ಅತ್ತೆಯೂ ಗೇಟಿನ ಹತ್ತಿರ ಬಂದು ನಿಂತಿದ್ದರು. ಕಮಾಂಡರ್ ಅಲ್ಲಿಗೆ ಹೋದ. ನಡೆಯುವಾಗ ಎದೆ ಮುಂದೆ ಮಾಡಿಕೊಂಡೇ ನಡೆದ, ಅಭ್ಯಾಸಬಲ.

"ರೀ, ಅವನು ಫೋನ್ ಎತ್ತುತ್ತಿಲ್ವಾ?"

"ಫೋನ್ ಇದ್ದರೆ ತಾನೇ ಎತ್ತೋದು? ಬಂಡೆ ಬಿದ್ದು ತಂತಿ ತುಂಡಾಗಿದೆ. ನೀವು ಹೆದರಬೇಡಿ, ನಾನಿದ್ದೀನಿ."

"ಬಂಡೆ ಬಿದ್ದಿದ್ದು ತಂತಿ ಮೇಲೋ, ಅವನ ಮೇಲೋ?"

"ಅವನು ಗಟ್ಟಿ ಹುಡುಗ," ಅಂದ. ಅತ್ತೆ ಗೇಟಿನ ಸರಳು ಹಿಡಿದು ನಿಂತಿದ್ದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

ವಾಪಸು ಬಂದು ಕೂತ. ಸುಮ್ಮನೆ ಕೂರಲಾಗದವನು ಮಾತಿಗೆ ಶುರುಮಾಡಿದ. ಹಿಂದೊಂದು ಸಲ ಸಿಡಿಲು ಹೊಡೆದು ಸ್ವಿಚ್ಚು ಕಲ್ಲಿದ್ದಲಾಗಿ ಹೋಗಿತ್ತಂತೆ, ಇವನು ಅದರ ಕಿವಿಯಲ್ಲಿ ಎರಡು ಕಮಾಂಡು ಉಸುರಿದ್ದಕ್ಕೆ ಎದ್ದು ಕೂತಿತಂತೆ. ಮಾತಿನ ಮಧ್ಯೆ ಬೋರ್ಡಕ್ಕ ಪಂಪ್ ರೂಮಿನ ಗುಂಡಿ ಒತ್ತುತ್ತಲೇ ಇದ್ದಳು. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ.

"ಸತ್ತ ಸ್ವಿಚ್ಚನ್ನ ಎಬ್ಬಿಸಿದವರು ಒಂದ್ಸಲ ಆ ಕಪ್ಪು ಪರದೇನಾದ್ರೂ ನೋಡಬಾರದಾ? ಕೆಳಗಿರೋದು ನಿಮ್ಮವನೇ."

"ನೋಡೋದಕ್ಕೆ ಏನಿದೆ ಬೋರ್ಡಕ್ಕ? ತುಂಡಾದ ತಂತಿ ತುಂಡಾದ ತಂತಿ ಅಂತಲೇ ತೋರಿಸುತ್ತೆ."

"ತೋರಿಸಲಿ. ತೋರಿಸಿದರೆ ನಾನು ಗುಂಡಿ ಒತ್ತೋದು ಬಿಡ್ತೀನಿ."

ಅವಳ ಬಾಯಿ ಮುಚ್ಚಿಸಲೆಂದೇ ಅವನು ನಡುಮಟ್ಟದ ಸ್ವಿಚ್ಚಿಗೆ ಲಾಗಿನ್ ಆದ. ಶೋ ಇಂಟರ್‌ಫೇಸ್ ಸ್ಟೇಟಸ್ ಅಂತ ಹೊಡೆದ. ಎಲ್ಲ ಪೋರ್ಟುಗಳ ಪಟ್ಟಿ ಮೇಲಿಂದ ಕೆಳಕ್ಕೆ ಇಳಿಯಿತು. ಹದಿನೇಳನೇ ಪೋರ್ಟು ಪಂಪ್ ರೂಮಿನದು. ಅದರ ಮುಂದೆ ಇರಬೇಕಾದ ಮಾತು ಅವನಿಗೆ ಗೊತ್ತಿತ್ತು. ತಂತಿ ತುಂಡಾದರೆ ಸ್ವಿಚ್ಚು ನಾಟ್‌ಕನೆಕ್ಟ್ ಅನ್ನುತ್ತದೆ: ನಾನು ಬಾಗಿಲು ತೆರೆದೇ ಇಟ್ಟಿದ್ದೇನೆ, ಆಚೆ ಯಾರೂ ಇಲ್ಲ, ಅಂತ.

ಅಲ್ಲಿ ಹಾಗಿರಲಿಲ್ಲ. ಡಿಸೇಬಲ್ಡ್ ಅಂತಿತ್ತು. ಅಂದರೆ ಆಚೆ ಯಾರಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ನೀನೇ ಬಾಗಿಲು ಮುಚ್ಚು ಅಂದಿದ್ದೆ, ಮುಚ್ಚಿದ್ದೇನೆ, ಅಂತ.

ಕಮಾಂಡರ್ ಆ ಪದವನ್ನು ಓದಿದ. ಮತ್ತೆ ಓದಿದ.

ಪಂಪ್ ರೂಮು ಹೊಸದು. ಮಳೆಗಾಲಕ್ಕೆ ಮುಂಚೆ ಕಟ್ಟಿದ್ದು. ಅದಕ್ಕೂ ಮೊದಲು ಹದಿನೇಳನೇದು ಖಾಲಿ ಪೋರ್ಟು. ಖಾಲಿ ಇರುವುದಕ್ಕೆಲ್ಲ ಶಟ್‌ಡೌನ್ ಹೊಡೆದು ಮುಚ್ಚಿಡುವುದು ಈ ಕೆಲಸದವರ ಪದ್ಧತಿ, ಯಾರ್‍ಯಾರೋ ಬಂದು ತಂತಿ ಚುಚ್ಚಬಾರದಲ್ಲ. ಫೋನ್ ಹಾಕಿದ ದಿನ ಕಮಾಂಡರ್ ಇಲ್ಲೇ ಇದೇ ಕುರ್ಚಿಯಲ್ಲಿ ಕೂತು ನೋ ಶಟ್‌ಡೌನ್ ಹೊಡೆದು ಅದನ್ನು ತೆರೆದಿದ್ದ. ಕ್ಷಣದಲ್ಲೇ ತಳದಿಂದ ಫೋನು ಬಂದಿತ್ತು: "ಹಲೋ ಭಾವ, ಕೇಳ್ತಿದೆಯಾ? ಇಲ್ಲಿ ನೀರು ಗುಳುಗುಳು ಅನ್ನೋದೂ ಕೇಳ್ತಿರಬೇಕು!" ರೂಮಿನಲ್ಲಿದ್ದವರು ಚಪ್ಪಾಳೆ ತಟ್ಟಿದ್ದರು. ಮ್ಯಾನೇಜರು ಬೆನ್ನು ತಟ್ಟಿದ್ದ. ಕಮಾಂಡರ್ ಎದ್ದುನಿಂತು, ತಾನು ಆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಇಳಿದ ಕಥೆ ಶುರುಮಾಡಿದ್ದ. ಏಣಿ ಇಳಿದದ್ದು ಬೇರೆಯವರು. ಆದರೂ ಕಥೆ ಚೆನ್ನಾಗಿತ್ತು, ಚಹಾ ಬಂತು, ಮತ್ತೊಮ್ಮೆ ಹೇಳಿಸಿಕೊಂಡರು.

ಸ್ವಿಚ್ಚಿಗೆ ಎರಡು ಬಗೆಯ ನೆನಪು. ಈಗ ಹೇಳಿದ್ದನ್ನು ಈಗಲೇ ಮಾಡುತ್ತದೆ, ಆದರೆ ಅದು ಬಾಯಿಮಾತು. ಕರೆಂಟು ಹೋದರೆ ಮರೆತುಬಿಡುತ್ತದೆ. ಮರೆಯಬಾರದು ಅಂದರೆ ಕೊನೆಗೆ ರೈಟ್ ಅಂತ ಇನ್ನೊಂದು ಕಮಾಂಡು ಹೊಡೆಯಬೇಕು. ಆಗ ಒಳಗೆ ಗಟ್ಟಿಯಾಗಿ ಬರೆದಿಟ್ಟುಕೊಳ್ಳುತ್ತದೆ. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠ. ಚಪ್ಪಾಳೆಯ ಗದ್ದಲದಲ್ಲಿ ಕಮಾಂಡರ್ ಅದನ್ನು ಹೊಡೆದಿರಲಿಲ್ಲ. ಅಂದಿನಿಂದ ಕರೆಂಟೂ ಹೋಗಿರಲಿಲ್ಲ. ಇವತ್ತು ಹೋಯಿತು. ಸ್ವಿಚ್ಚು ಎದ್ದು ಕಣ್ಣುಜ್ಜಿಕೊಂಡು, ಬರೆದಿಟ್ಟದ್ದನ್ನು ಓದಿಕೊಂಡು, ಹದಿನೇಳನ್ನು ನಿಷ್ಠೆಯಿಂದ ಮುಚ್ಚಿತು.

ಅವನ ಬೆರಳುಗಳು ಎರಡು ಸಲ ತಪ್ಪು ಒತ್ತಿದವು. ಸ್ವಿಚ್ಚು ಎರಡು ಸಲವೂ ಮೂತಿ ತಿರುಗಿಸಿತು. ಮೂರನೆಯದಕ್ಕೆ ಒಪ್ಪಿತು. ಇಂಟರ್‌ಫೇಸ್ ಹದಿನೇಳು. ನೋ ಶಟ್‌ಡೌನ್. ಎಂಟರ್.

ಪಂಪ್ ರೂಮಿನ ಫೋನಿಗೆ ತಂತಿಯಿಂದಲೇ ಕರೆಂಟು. ಅದು ಎಚ್ಚರವಾಗಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿ ಕಮಾಂಡರನ ಕೂದಲು ಪೂರ್ತಿ ಬೆಳ್ಳಗಾಯಿತು ಎಂದು ಹೇಳಬಹುದಿತ್ತು. ಆಗಲಿಲ್ಲ. ಅಂಗಿಯಷ್ಟೇ ಒದ್ದೆಯಾಯಿತು.

ಬೋರ್ಡಿನಲ್ಲಿ ದೀಪ ಹತ್ತಿತು. ಬೋರ್ಡಕ್ಕ ಚೀರಿದಳು. "ಬಂತು! ಕಮಾಂಡರೇ, ಬಂತು!" ಸ್ಪೀಕರು ಹಾಕಿದಳು.

"ಭಾವಾ! ನೀವೇ ಅಂತ ಗೊತ್ತಿತ್ತು ನನಗೆ."

"ಎಲ್ಲಿದ್ದೀಯೋ?"

"ಇನ್ನೆಲ್ಲಿರ್ತೀನಿ, ಫೋನಿನ ಹತ್ರಾನೇ. ಪಂಪಿನ ಮೇಲೆ ಹತ್ತಿ ನಿಂತಿದ್ದೀನಿ. ನೀರು ಇಲ್ಲೂ ಮೊಣಕಾಲಿಗೆ ಬಂತು." ಹಲ್ಲು ಕಟಕಟಿಸುವುದು ಕೇಳುತ್ತಿತ್ತು. "ಆರ್ಡರ್ ಕೊಡ್ತೀರಾ ಭಾವ? ಹೊರಡಲಾ?"

ಅಷ್ಟರಲ್ಲಿ ಯಾರೋ ಕರೆದು, ಕೆಂಪು ಹೆಲ್ಮೆಟ್ಟಿನವನು ಓಡಿಬಂದಿದ್ದ. ಮೈಕು ಕಸಿದುಕೊಂಡ.

"ಹೊರಡು, ಈಗಲೇ ಹೊರಡು! ಏಣಿದಾರಿ ಹೇಗಿದೆ?"

"ಏಣಿದಾರಿ ಚೆನ್ನಾಗೇ ಇದೆ ಸಾರ್. ಗ್ರೀಸಣ್ಣ ಆವಾಗಲೇ ಹತ್ತಿ ಹೋದ. ಆದರೆ ಅದರ ಬಾಗಿಲು ತಗ್ಗಲ್ಲಿ ಅಲ್ವಾ, ಈಗ ಪೂರ್ತಿ ನೀರಿನ ಕೆಳಗಿದೆ. ಮುಳುಗಿ ನೋಡಿದೆ. ನೀರು ಅದುಮಿಕೊಂಡಿದೆ, ಎಳೆದರೂ ಬರಲ್ಲ."

ಕೆಂಪು ಹೆಲ್ಮೆಟ್ಟಿನವನು ಒಂದು ಕ್ಷಣ ಕಮಾಂಡರನ ಮುಖ ನೋಡಿದ. "ಏಣಿದಾರಿ ಚೆನ್ನಾಗಿದೆಯಂತೆ," ಅಂದ. ಆಮೇಲೆ ಕೂಗುತ್ತ ಹೊರಗೆ ಓಡಿದ. ದೊಡ್ಡ ದಾರಿಯಲ್ಲಿ ಬಂಡೆ ಒಡೆಯುತ್ತಿದ್ದವರನ್ನೆಲ್ಲ ಏಣಿದಾರಿಗೆ ತಿರುಗಿಸಿದ. ಅವರಿಗೆ ಅರ್ಧ ದಾರಿಯಲ್ಲೇ ಗ್ರೀಸಣ್ಣ ಸಿಕ್ಕಿದ. ಮೆಟ್ಟಿಲು ಜಾರಿ ಬಿದ್ದು, ಕಾಲು ಮುರಿದುಕೊಂಡು, ಪ್ರಜ್ಞೆಯಿಲ್ಲದೆ ಒಂದು ಅಟ್ಟಣೆಯ ಮೇಲೆ ಬಿದ್ದಿದ್ದ. ಅವನನ್ನು ಹೊತ್ತು ಮೇಲೆ ಕಳಿಸಿ ಕೆಳಗಿಳಿದರು. ಕೆಳಗೆ ನೀರೇ ನೀರು. ಡೀಸೆಲ್ ಪಂಪು ಇಳಿಸುವುದಕ್ಕೆ ಹಗ್ಗ ಕಟ್ಟತೊಡಗಿದರು.

ಕಂಟ್ರೋಲ್ ರೂಮಿಗೆ ಹೆಂಡತಿಯನ್ನೂ ಅತ್ತೆಯನ್ನೂ ಕರೆತಂದರು. ಮ್ಯಾನೇಜರು ತಾನೇ ಕುರ್ಚಿ ಎಳೆದುಕೊಟ್ಟ.

"ಅಕ್ಕಾ? ನೀನು ಯಾಕೆ ಬಂದೆ? ಅಮ್ಮನಿಗೆ ನೀರು ಗೀರು ಅಂತ ಹೇಳಬೇಡ ಮತ್ತೆ."

"ಅಮ್ಮ ಇಲ್ಲೇ ಇದ್ದಾಳೋ. ಕೇಳಿಸ್ಕೊತಿದ್ದಾಳೆ."



"ಅಮ್ಮ, ಊಟ ಆಯ್ತಾ?"

"ಆಯ್ತಪ್ಪ," ಅಂದರು ಅತ್ತೆ. ಬೆಳಗ್ಗೆಯಿಂದ ಗುಟುಕು ನೀರೂ ಕುಡಿದಿರಲಿಲ್ಲ. "ನೀನು ಮೇಲಕ್ಕೆ ಹತ್ತು ಮಗಾ. ಇನ್ನೂ ಮೇಲಕ್ಕೆ ಹತ್ತು."

"ಹತ್ತಿದ್ದೀನಿ ಅಮ್ಮ. ತಲೆ ಚಾವಣಿಗೆ ತಾಗ್ತಿದೆ. ಪೈಪು ಹಿಡ್ಕೊಂಡಿದ್ದೀನಿ. ಹಿಂಗೆ ನೇತಾಡಿದ್ರೆ ಎತ್ತರ ಆಗ್ತೀನಿ, ಅಕ್ಕ ನನ್ನ ಕುಳ್ಳ ಅನ್ನಂಗಿಲ್ಲ ಇನ್ನು." ನಕ್ಕ. ಕೆಮ್ಮು ಬಂತು. "ಭಾವನಿಗೆ ಕೊಡಿ."

ಹೆಂಡತಿ ಗಂಡನ ಕೈ ಹಿಡಿದು ಮೈಕಿನ ಹತ್ತಿರ ಎಳೆದಳು.

"ಹೇಳೋ," ಅಂದ ಕಮಾಂಡರ್.

"ಭಾವಾ, ನಾನು ಗ್ರೀಸಣ್ಣನಿಗೆ ಹೇಳ್ತಾನೇ ಇದ್ದೆ..."

ಅಷ್ಟಕ್ಕೆ ನಿಂತಿತು. ಬೋರ್ಡಿನ ದೀಪ ಆರಿತು. ಬೋರ್ಡಕ್ಕ ಗುಂಡಿ ಒತ್ತಿದಳು, ಒತ್ತುತ್ತಲೇ ಹೋದಳು. ಕಮಾಂಡರ್ ಅದೇ ಕಮಾಂಡನ್ನು ಮತ್ತೆ ಹೊಡೆದ. ಪಟ್ಟಿ ಮೇಲಿಂದ ಕೆಳಕ್ಕೆ ಇಳಿಯಿತು. ಹದಿನೇಳರ ಮುಂದೆ ಈ ಸಲ ನಾಟ್‌ಕನೆಕ್ಟ್ ಅಂತಿತ್ತು.

ಡೀಸೆಲ್ ಪಂಪು ನೀರೆಳೆದು ಮುಗಿಸಿದ ಮೇಲೆ ಅವನನ್ನು ಹೊರಗೆ ತಂದರು. ಆಗಬೇಕಾದದ್ದೆಲ್ಲ ಆಯಿತು. ಆಮೇಲೆ ಮನೆಗೆ ಜನ ಬರತೊಡಗಿದರು. ಪಕ್ಕದ ಮನೆಗಳಿಂದ ತಂದ ಕುರ್ಚಿಗಳು ನಡುಮನೆ ತುಂಬ. ಮೂಲೆಯಲ್ಲಿ ಅತ್ತೆ, ಅವರ ಪಕ್ಕ ಹೆಂಡತಿ. ಬಂದವರು ಅವರಿಗೆ ಎರಡು ಮಾತು ಹೇಳಿ ಕಮಾಂಡರನ ಕಡೆ ತಿರುಗಿ ಕೂರುತ್ತಿದ್ದರು.

"ನೀವಿಲ್ಲದಿದ್ದರೆ ಕೊನೇ ಮಾತೂ ಸಿಗ್ತಿರಲಿಲ್ಲ ಇವರಿಗೆ," ಅನ್ನುತ್ತಿದ್ದರು. "ಹೇಗೆ ಮಾಡಿದಿರಿ?"

ಜೀವಮಾನದಲ್ಲಿ ಮೊದಲ ಸಲ ಜನ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರು, ಹೇಳಿದ್ದನ್ನು ನಂಬುತ್ತಲೂ ಇದ್ದರು. ಮೊದಲ ದಿನ ಅವನು "ಲೈನನ್ನ ಬೇರೆ ದಾರಿಯಲ್ಲಿ ಸುತ್ತಿಸಿ ತಂದೆ," ಅಂದಿದ್ದ, ಅಷ್ಟೇ. ಮರುದಿನಕ್ಕೆ ಆ ದಾರಿ ಗಾಳಿ ಮೀಟರುಗಳ ತಂತಿಯೊಳಗೆ ನುಸುಳಿ ಬಂತು. ಆಮೇಲೆ ಅವನು ಸಾವಿರ ಕಮಾಂಡು ಹೊಡೆದ, ಬೆರಳಿನ ಉಗುರಿನಿಂದ ರಕ್ತ ಬಂತು, ಕೀಬೋರ್ಡಿನ ಅಕ್ಷರಗಳು ಕರಗಿಹೋದವು. ಬಂಡೆಯಡಿ ನುಚ್ಚಾದ ತಂತಿಯ ಎಳೆಗಳು ಅವನ ಮಾತು ಕೇಳಿ ಒಂದಕ್ಕೊಂದು ತಾವಾಗಿಯೇ ಹೊಸೆದುಕೊಂಡವು. ಹೇಳುತ್ತ ಹೇಳುತ್ತ ಅವನಿಗೇ ಒಂದೊಂದು ಸಲ ಅದು ಕಣ್ಣಿಗೆ ಕಟ್ಟುತ್ತಿತ್ತು. ಬಾಯಿ ನಿಂತರೆ ಕಣ್ಣಿಗೆ ಕಟ್ಟುತ್ತಿದ್ದುದು ಬೇರೆ. ಹಾಗಾಗಿ ಬಾಯಿ ನಿಲ್ಲಿಸುತ್ತಿರಲಿಲ್ಲ.

"ಅಳಿಯಂದಿರು ನನ್ನ ಮಗನ ದನಿ ಕೇಳಿಸಿದರು," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಊಟಕ್ಕೆ ಕೂತರೆ ಅವನಿಗೇ ಮೊದಲು ಬಡಿಸುತ್ತಿದ್ದರು.

ಒಂದು ಮಧ್ಯಾಹ್ನ ಗ್ರೀಸಣ್ಣ ಬಂದ. ಆಸ್ಪತ್ರೆಯಿಂದ ನೇರ ಇಲ್ಲಿಗೆ. ಕಂಕುಳಲ್ಲಿ ಊರುಗೋಲು, ಕಾಲಿಗೆ ಪ್ಲಾಸ್ಟರು. ಕೈ ಈಗಲೂ ಕಪ್ಪಗೇ ಇತ್ತು. ಅತ್ತೆಯ ಮುಂದೆ ಬಂದು ನಿಂತ.

"ಕೂತ್ಕೊಳ್ಳಿ ಅಣ್ಣ," ಅಂದಳು ಹೆಂಡತಿ.

"ಬೈಯೋದಿದ್ರೆ ನಿಂತಾಗಲೇ ಬೈದುಬಿಡಮ್ಮ. ಹುಡುಗನನ್ನ ಬಿಟ್ಟು ಬಂದವನು ನಾನು." ಊರುಗೋಲಿಗೆ ಮೈ ಆನಿಸಿದ. "ಕರೆದೆ. ಕೈ ಹಿಡಿದು ಎಳೆದೆ. ಪಂಪು ನಿಂತ ಮೇಲೆ ಪಂಪಿಗೆ ಕಾವಲು ಯಾಕೋ, ನಡಿ ಅಂದೆ. ಬರಲಿಲ್ಲ."

"ರೂಲ್ಸು," ಅಂದ ಕಮಾಂಡರ್, ತಲೆಯಾಡಿಸುತ್ತ. "ಅವನು ರೂಲ್ಸು ಮೀರೋನಲ್ಲ. ತಂತಿ ತುಂಡಾಗಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು ಪಾಪ? ಆ ಬಂಡೆ..."

"ಎಲ್ಲಿ ತುಂಡಾಗಿತ್ತು ಕಮಾಂಡರೇ?" ಗ್ರೀಸಣ್ಣ ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ. "ನಾನು ಹತ್ತಿದ್ದು ಆ ತಂತಿ ಪಕ್ಕದಲ್ಲೇ. ದೀಪ ಹಿಡ್ಕೊಂಡು ನೋಡಿದೀನಿ, ಗೋಡೆ ಮೇಲೆ ನೆಟ್ಟಗಿತ್ತು. ಅವನೂ ಅದನ್ನೇ ತೋರಿಸಿದ. ನೋಡು ಗ್ರೀಸಣ್ಣ, ತಂತಿಗೇನೂ ಆಗಿಲ್ಲ, ನಮ್ಮ ಭಾವನ ಲೈನು ಸಾಯಲ್ಲ, ಭಾವ ನನಗೆ ಹೇಳಿದ್ದಾರೆ, ಏನೇ ಆದ್ರೂ ಫೋನಿನ ಹತ್ರಾನೇ ಇರು, ನಾನು ಫೋನ್ ಮಾಡೇ ಮಾಡ್ತೀನಿ ಅಂತ, ಅಂದ. ಅದಕ್ಕೇ ಬರಲಿಲ್ಲ ಅವನು. ರೂಲ್ಸಿಗಲ್ಲ."

ನಡುಮನೆಯಲ್ಲಿ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು.

"ಒಳಗೊಳಗೇ ತುಂಡಾಗಿರುತ್ತೆ," ಅಂದ ಕಮಾಂಡರ್. "ಹೊರಗೆ ಕಾಣಲ್ಲ. ಕೂದಲೆಳೆಯಷ್ಟು. ಅಂಥದ್ದನ್ನ ಹುಡುಕೋಕೇ ಸಾವಿರ..."

"ರೀ."

ಹೆಂಡತಿ ಎದ್ದು ಬಂದು ಅವನ ಎದುರು ನೆಲದ ಮೇಲೆ ಕೂತಳು. ಸಣ್ಣ ಮಗುವನ್ನು ಕೇಳುವಂತೆ ಕೇಳಿದಳು.

"ಕೂದಲೆಳೆಯಷ್ಟೇ ತುಂಡಾಗಿತ್ತು ಅಂತಿಟ್ಕೊಳ್ಳಿ. ನೀವು ಮೇಲೆ ಕುರ್ಚೀಲಿ ಕೂತಿದ್ರಿ. ಅದನ್ನ ಯಾರು ಸೇರಿಸಿದ್ದು?"

ಅವನು ಬಾಯಿ ತೆರೆದ. ಅಲ್ಲಿ ಯಾವಾಗಲೂ ಏನಾದರೊಂದು ಸಿದ್ಧವಾಗಿರುತ್ತಿತ್ತು. ಅವನು ಕಾದ. ಏನೂ ಬರಲಿಲ್ಲ. ಎದುರಿಗೆ ಹೆಂಡತಿಯ ಮುಖ, ಅದರ ಹಿಂದೆ ಗ್ರೀಸಣ್ಣನ ಪ್ಲಾಸ್ಟರು, ಅದರ ಹಿಂದೆ ಅತ್ತೆ.

"ತುಂಡಾಗಿರಲಿಲ್ಲ," ಅಂದ.

ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ಆ ಮನೆಯವರು ಕೇಳಿರಲಿಲ್ಲ. "ಏನಂದ್ರಿ?" ಅಂದಳು ಹೆಂಡತಿ.

"ತಂತಿ ಸರಿಯಾಗೇ ಇತ್ತು. ಸ್ವಿಚ್ಚಲ್ಲಿ ಅದರ ಪೋರ್ಟು ಮುಚ್ಚಿತ್ತು. ಮುಚ್ಚಿದ್ದು ನಾನೇ, ಹಿಂದೆ. ಫೋನ್ ಹಾಕಿದ ದಿನ ತೆರೆದೆ. ತೆರೆದಿದ್ದನ್ನ ಅದರೊಳಗೆ ಬರೆದಿಡಬೇಕು. ಬರೆದಿಡಲಿಲ್ಲ, ಕಥೆ ಹೇಳ್ತಾ ಕೂತೆ. ಕರೆಂಟ್ ಹೋಗಿ ಬಂದಾಗ ಅದು ಮತ್ತೆ ಮುಚ್ಕೊಂಡಿತು." ಅವನು ಕೈಗಳನ್ನು ನೋಡಿಕೊಂಡ. "ಅವರು ಕೇಳಿದಾಗ ನಾನು ನೋಡಲೇ ಇಲ್ಲ. ನೋಡದೇ ತಂತಿ ಹೋಗಿದೆ ಅಂದುಬಿಟ್ಟೆ. ಅದನ್ನ ನಂಬಿ ಏಣಿದಾರಿಗೂ ಯಾರೂ ಇಳೀಲಿಲ್ಲ. ಬೋರ್ಡಕ್ಕ ಬೈದ ಮೇಲೆ ನೋಡಿದೆ. ಅಷ್ಟೊತ್ತಿಗೆ ಬಾಗಿಲು ಮುಳುಗಿತ್ತು."

"ಮತ್ತೆ ಆ ಸಾವಿರ ಕಮಾಂಡು?"

"ಇಲ್ಲ."

"ರಕ್ತ?"

"ಇಲ್ಲ."

ಹೆಂಡತಿ ಕೂತಲ್ಲೇ ಕೂತಿದ್ದಳು. ಮುಟ್ಟಲೂ ಇಲ್ಲ, ದೂರ ಸರಿಯಲೂ ಇಲ್ಲ. ಮೂಲೆಯಿಂದ ಅತ್ತೆ ಕೇಳಿದರು.

"ಮೊದಲೇ ನೋಡಿದ್ದರೆ, ತೆರೆಯೋಕೆ ಎಷ್ಟು ಹೊತ್ತು ಬೇಕಿತ್ತು ಅಳಿಯಂದಿರೇ?"

"ನಿಮಿಷಾನೂ ಬೇಡ ಅತ್ತೆ," ಅಂದ ಅವನು. "ಎರಡು ಸಾಲು ಟೈಪ್ ಮಾಡಿದೆ, ಅಷ್ಟೇ."